ಮರೆವು ಶುರುವಾದವರ ವಾಕಿಂಗ್ ಹೇಗಿರಬೇಕು?

ಬೀರು ಕೀ ಎಲ್ಲಿಟ್ಟೆ ಎಂದು ಹುಡುಕಾಡದವರು ಯಾರಿದ್ದಾರೆ? ಆದರೆ ಕೇಳಿದ್ದನ್ನೇ ಕೇಳುವುದು ಹೆಚ್ಚಾಗಿ, ಅಡುಗೆ, ಬ್ಯಾಂಕು, ಬಿಎಂಟಿಸಿ ಬಸ್ಸು ಎಲ್ಲವನ್ನೂ ಇನ್ನೂ ತಾವೇ ನಿಭಾಯಿಸುತ್ತಿದ್ದರೆ ಅದು ಎಂಸಿಐ (ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್) ಇರಬಹುದು. ಅಂದರೆ ವಯಸ್ಸಿನ ಮರೆವಿಗಿಂತ ಹೆಚ್ಚು, ಡಿಮೆನ್ಷಿಯಾಗಿಂತ ಕಡಿಮೆ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2018ರಲ್ಲಿ ಇಂಥವರಿಗೆ ವಾರಕ್ಕೆ ಎರಡು ಸಲವಾದರೂ ವ್ಯಾಯಾಮ ಮಾಡಿಸಿ ಎಂದಿತು.

ಮೊದಲು ತಪಾಸಣೆ. ಬಿ12 ಕೊರತೆ, ಥೈರಾಯ್ಡ್, ನಿದ್ದೆ ಮಾತ್ರೆ ಇವೂ ಮರೆವು ತರುತ್ತವೆ. ಸಸ್ಯಾಹಾರಿಗಳಂತೂ ಬಿ12 ನೋಡಿಸಲೇಬೇಕು. ನಿಮ್ಹಾನ್ಸ್‌ಗೆ ಹೋಗುವ ಮೊದಲೇ ಮನೆ ಹತ್ತಿರದ ಡಾಕ್ಟರ್ ಬಳಿ ಇಷ್ಟು ಮುಗಿಸಬಹುದು.

ಆಮೇಲೆ ನಡಿಗೆ ಗಮನಿಸಿ. ಹಾಲ್‌ನಲ್ಲಿ ಪಕ್ಕದಲ್ಲೇ ನಡೆಯುತ್ತಾ, ನೂರರಿಂದ ಏಳೇಳು ಕಳೆಯುತ್ತಾ ಹೋಗಲು ಹೇಳಿ: ತೊಂಬತ್ಮೂರು, ಎಂಬತ್ತಾರು... ಲೆಕ್ಕ ಹಾಕಲು ಹೋಗಿ ಕಾಲು ನಿಂತೇಬಿಟ್ಟರೆ, ಹೆಜ್ಜೆ ತಡವರಿಸಿದರೆ ಡಾಕ್ಟರಿಗೆ ಹೇಳಿ. ನಡಿಗೆಗೂ ಮೆದುಳಿನ ಗಮನ ಬೇಕು. ಲೆಕ್ಕಕ್ಕೂ ಅದೇ ಬೇಕಾದಾಗ ಎರಡಕ್ಕೂ ಸಾಲುವುದಿಲ್ಲ. ಇದನ್ನು ರಸ್ತೆಯಲ್ಲಿ ಮಾತ್ರ ಮಾಡಿಸಬೇಡಿ.

ಇನ್ನು ವಾಕಿಂಗ್. ಹತ್ತು ನಿಮಿಷದಿಂದ ಶುರು ಮಾಡಿ, ನಿಧಾನವಾಗಿ ಅರ್ಧ ಗಂಟೆಗೆ ಏರಿಸಿ, ವಾರಕ್ಕೆ ನಾಲ್ಕು ದಿನ. ಮಾತಾಡಲು ಉಸಿರಿರಬೇಕು, ಹಾಡಲು ಸಾಲಬಾರದು, ವೇಗ ಅಷ್ಟಿದ್ದರೆ ಸರಿ. ಪಾರ್ಕ್ ಬೆಂಚಿನ ಹರಟೆ ಲೆಕ್ಕಕ್ಕಿಲ್ಲ! ಕಲ್ಲುಚಪ್ಪಡಿ ಎದ್ದ, ಬೈಕು ಹತ್ತಿಸುವ ನಮ್ಮ ಫುಟ್‌ಪಾತ್ ಬೇಡ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಅಥವಾ ಬಡಾವಣೆಯ ಪಾರ್ಕ್ ಸಾಕು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಹತ್ತುವುದಕ್ಕೆ ಆತುರವೇನಿಲ್ಲ, ಕಾಲಿಗೆ ಬಲ ಬರಲಿ.

ಇಷ್ಟರಿಂದ ಮೆದುಳಿಗೆ ಏನಾಗುತ್ತದೆ? ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 71ರಿಂದ 85 ವಯಸ್ಸಿನ 33 ಜನರನ್ನು ಹೀಗೇ ವಾರಕ್ಕೆ ನಾಲ್ಕು ದಿನ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಅವರಲ್ಲಿ ಕೆಲವರಿಗೆ ಎಂಸಿಐ ಇತ್ತು. 12 ವಾರಗಳ ನಂತರ ಎಂಆರ್‌ಐ ತೆಗೆದರೆ, ನೆನಪಿಗೆ ಸಂಬಂಧಿಸಿದ ಮೆದುಳಿನ ಜಾಲಗಳ ನಡುವಿನ ಸಂಪರ್ಕ ಬಲಗೊಂಡಿತ್ತು. ಓದಿ ಹೇಳಿದ ಕಥೆಯನ್ನೂ ಮೊದಲಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು. 2023ರ ಈ ಅಧ್ಯಯನ ಚಿಕ್ಕದು, ಮರೆವು ವಾಸಿಯಾಯಿತು ಎಂದು ಯಾರೂ ಹೇಳಿಲ್ಲ. ಆದರೆ ಖರ್ಚಿಲ್ಲದ ಕೆಲಸಕ್ಕೆ ಇಷ್ಟು ಆಧಾರ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ನೆಲಕ್ಕೆ ಅಂಟಿಕೊಂಡಂತೆ ಕಾಲು ಎಳೆಯುವುದು, ಮೂತ್ರ ತಡೆಯಲಾಗದಿರುವುದು, ಮರೆವು ಮೂರೂ ಜೊತೆಗೇ ಬಂದರೆ ವಾಕಿಂಗ್ ನಂಬಿ ಕೂರಬೇಡಿ, ನರರೋಗ ತಜ್ಞರನ್ನು ಕಾಣಿ. ಮೆದುಳಿನ ಕುಹರಗಳಲ್ಲಿ ನೀರು ತುಂಬಿಕೊಂಡಿರಬಹುದು. ಶಂಟ್ ಎಂಬ ನಳಿಕೆ ಹಾಕಿ ಅದನ್ನು ಇಳಿಸಿದರೆ ಎಷ್ಟೋ ಜನರ ನಡಿಗೆ ಸುಧಾರಿಸುತ್ತದೆ.