ಲಾಕ್ ಹೊಸದು, ರೋಗ ಹಳೇದು

ಬೆಳಿಗ್ಗೆ ಒಂಬತ್ತಕ್ಕೆ ನಾನು ಹೋದಾಗ ಆ ಬಾಗಿಲಿಗೆ ಯಾವ ರೋಗವೂ ಕಾಣಲಿಲ್ಲ. ಹ್ಯಾಂಡಲ್ ಎತ್ತಿದೆ, ಮೂರೂ ಕೊಕ್ಕೆ ಕಟಕ್ಕನೆ ಕೂತವು, ಕೀ ಸಲೀಸಾಗಿ ತಿರುಗಿತು. ಬಳ್ಳಾರಿಯ ಗಾಂಧಿನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ ಅದು. ಮಹಡಿಯಲ್ಲಿ ಪಡುವಣಕ್ಕೆ ಮುಖ ಮಾಡಿದ, ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಾಗಿಲು, ಡಬಲ್ ಗ್ಲಾಸ್, ಮರದಂತೆ ಕಾಣುವ ಗಾಢ ಕಂದು ಬಣ್ಣ.

“ಈಗ ಹಂಗೇ ಇರ್ತೈತಪ್ಪ. ಮಧ್ಯಾಹ್ನ ಮೂರಕ್ಕೆ ಬಂದು ನೋಡು, ಜಪ್ಪಯ್ಯ ಅಂದ್ರೂ ಲಾಕ್ ಬೀಳಲ್ಲ” ಅಂದರು ಮೇಷ್ಟ್ರು.

ನಾನು ಆ ಮಾತಿಗೆ ಕಿವಿಗೊಡಲಿಲ್ಲ. ಯುಪಿವಿಸಿ ರಿಪೇರಿಗೆ ಇಳಿದ ಹೊಸದು. ಅದಕ್ಕೂ ಮುಂಚೆ ಅಪ್ಪನ ಜೊತೆ ಬಡಗಿ ಕೆಲಸ, ಆಮೇಲೆ ಒಂದಷ್ಟು ವರ್ಷ ಅಲ್ಯೂಮಿನಿಯಂ ಸೆಕ್ಷನ್ ಕೆಲಸ. ಹ್ಯಾಂಡಲ್ ಬಿಗಿ ಅಂದರೆ ಲಾಕೇ ಸತ್ತಿದೆ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿ, ಬೆಂಗಳೂರಿನಿಂದ ಹೊಸ ಮಲ್ಟಿಪಾಯಿಂಟ್ ಲಾಕ್ (ಒಂದೇ ಹ್ಯಾಂಡಲಿಗೆ ಹಲವು ಕಡೆ ಕೊಕ್ಕೆ ಬೀಳುವಂಥದ್ದು) ತರಿಸಿ ಹಾಕಿ, ದುಡ್ಡು ಇಸಕೊಂಡು ಬಂದೆ. ಹದಿನೈದು ದಿನಕ್ಕೆ ಫೋನು ಬಂತು. ಮೇಷ್ಟ್ರು ಬೈಯಲಿಲ್ಲ. “ಲಾಕ್ ಹೊಸದು, ರೋಗ ಹಳೇದೇ ಐತಲ್ಲಪ್ಪ” ಅಂದರು, ಅಷ್ಟೆ.

ಅವತ್ತು ಮೂರು ಗಂಟೆಗೇ ಹೋದೆ. ಏಪ್ರಿಲ್ ಬಿಸಿಲು. ಬಾಗಿಲಿನ ಹೊರಮೈ ಮೇಲೆ ಅಂಗೈ ಇಡಲಾಗಲಿಲ್ಲ. ಮುಚ್ಚಿ ಹ್ಯಾಂಡಲ್ ಎತ್ತಿದರೆ ಅರ್ಧಕ್ಕೆ ನಿಂತಿತು. ಬಾಗಿಲನ್ನು ಪೂರ್ತಿ ತೆರೆದು ಎತ್ತಿದೆ, ಹೂವಿನಂತೆ ಹಗುರವಾಗಿ ಮೇಲೆ ಬಂತು. ಮತ್ತೆ ಮುಚ್ಚಿದೆ, ಬಿಗಿ. ನಾನು ಬಿಚ್ಚಿ ಬಿಸಾಡಿದ ಹಳೆಯ ಲಾಕಿಗೆ ಏನೂ ಆಗಿರಲಿಲ್ಲ ಅಂತ ಆಗ ಅರ್ಥವಾಯಿತು. ಲಾಕಿನ ದುಡ್ಡು ವಾಪಸ್ ಕೊಡಲು ಹೋದೆ, ಮೇಷ್ಟ್ರು ಅರ್ಧ ಮಾತ್ರ ಮುಟ್ಟಿದರು.

ಅವತ್ತಿನಿಂದ ಯಾರ ಮನೆಗೆ ಹೋದರೂ ನಾನು ಮೊದಲು ಮಾಡುವ ಪರೀಕ್ಷೆ ಇದೇ. ಬಾಗಿಲಾಗಲಿ ಕಿಟಕಿಯಾಗಲಿ, ತೆರೆದಿಟ್ಟು ಹ್ಯಾಂಡಲ್ ತಿರುಗಿಸುವುದು. ತೆರೆದಾಗಲೂ ಬಿಗಿಯಾಗಿದ್ದರೆ, ಕರಕರ ಅಂದರೆ, ತಪ್ಪು ಲಾಕಿನೊಳಗಿದೆ. ತೆರೆದಾಗ ಸಲೀಸು, ಮುಚ್ಚಿದಾಗ ಬಿಗಿ ಅಂದರೆ ಶಟರ್, ಎಂದರೆ ತೆರೆದು ಮುಚ್ಚುವ ಭಾಗ, ತನ್ನ ಜಾಗದಲ್ಲಿ ಕೂತಿಲ್ಲ. ಆಗ ನೋಡಬೇಕಾದದ್ದು ಹಿಂಜನ್ನು, ಗಾಜಿನ ಪ್ಯಾಕಿಂಗನ್ನು, ಎಂದರೆ ಗಾಜಿಗೂ ಚೌಕಟ್ಟಿಗೂ ನಡುವೆ ತೂರಿಸುವ ತುಂಡನ್ನು. ನನಗೆ ಬರುವ ಲಾಕಿನ ದೂರುಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಯವು. ಅರ್ಧ ನಿಮಿಷ ಸಾಕು, ಒಂದು ರೂಪಾಯಿಯ ಖರ್ಚಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಇದನ್ನು ಮಾಡದೆ ಎರಡೆರಡು ಸಲ ಲಾಕ್ ಬದಲಾಯಿಸಿದ್ದನ್ನು ನೋಡಿದ್ದೇನೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮೂರು ಗಂಟೆಯ ರೋಗಕ್ಕೆ ಕಾರಣ ನಮ್ಮ ಬಿಸಿಲು. ಒಂದು ಮೀಟರ್ ಯುಪಿವಿಸಿ ಒಂದು ಡಿಗ್ರಿ ಕಾದರೆ ಸುಮಾರು 0.07 ಮಿ.ಮೀ. ಬೆಳೆಯುತ್ತದೆ. ಬೆಳಗಿನ ತಂಪಿಗಿಂತ 30 ಡಿಗ್ರಿ ಹೆಚ್ಚು ಕಾದ, 2.1 ಮೀಟರ್ ಎತ್ತರದ ಬಾಗಿಲು ಲೆಕ್ಕದ ಪ್ರಕಾರ 4 ಮಿ.ಮೀ. ದಾಟಿ ಬೆಳೆಯಬೇಕು. ಒಳಗೆ ಕೂರಿಸಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ತಡೆಯುವುದರಿಂದ ಅಷ್ಟು ಬೆಳೆಯುವುದಿಲ್ಲ, ಒಳಮೈ ಅಷ್ಟು ಕಾಯುವುದೂ ಇಲ್ಲ. ಆದರೆ ಹೊರಮೈ ಮಾತ್ರ ಕಾದು, ಒಳಮೈ ಏಸಿಯ ತಂಪಿನಲ್ಲಿದ್ದರೆ ಶಟರ್ ಬಿಸಿಲಿನ ಕಡೆಗೆ ಹೊಟ್ಟೆ ಬಿಡುತ್ತದೆ, ಹಳೇ ಮಣ್ಣಿನ ಗೋಡೆ ಹೊಟ್ಟೆ ಬಿಡುವ ಹಾಗೆ. ಬಿಳಿ ಬಾಗಿಲಿಗಿಂತ ಕಂದು ಬಣ್ಣದ್ದು ಹೆಚ್ಚು ಕಾಯುತ್ತದೆ. ಪಡುವಣಕ್ಕೆ ಬಾಗಿಲು ಇಡುವವರಿಗೆ ಬಿಳಿಯದನ್ನೇ ತಗೊಳ್ಳಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ಕೊಕ್ಕೆ ಎಲ್ಲಿ ತಾಗುತ್ತಿದೆ ಅಂತ ತಿಳಿಯಲು ನನ್ನ ಹತ್ತಿರ ಇರುವ ಸಾಧನ ಕುಂಕುಮ. ಒಂದು ಚಿಟಿಕೆಯನ್ನು ನೀರಲ್ಲಿ ಕಲಸಿ ಕೊಕ್ಕೆಗಳ ತುದಿಗೆ ಹಚ್ಚಿ, ಬಾಗಿಲು ಮುಚ್ಚಿ, ಹ್ಯಾಂಡಲನ್ನು ಬರುವಷ್ಟು ಎತ್ತಿ ಮತ್ತೆ ತೆರೆದರೆ, ಫ್ರೇಮಿನ ಸ್ಟ್ರೈಕರ್ ಪ್ಲೇಟಿನ (ಕೊಕ್ಕೆ ಹೋಗಿ ಕೂರುವ ತೂತಿರುವ ತಗಡಿನ) ಮೇಲೆ ಕೆಂಪು ಗುರುತು ಕೂತಿರುತ್ತದೆ. ಮೇಷ್ಟ್ರ ಬಾಗಿಲಿನಲ್ಲಿ ಮೂರೂ ಗುರುತು ತೂತಿನ ಕೆಳ ಅಂಚಿನ ಮೇಲಿದ್ದವು. ಎಂದರೆ ಬಾಗಿಲು ಲಾಕಿನ ಬದಿ ಜಗ್ಗಿತ್ತು. ಬಿಸಿಲು ಒಂದು ನೆಪ, ಜಗ್ಗಿದ್ದೇ ಮೂಲ. ತಂಪಿನಲ್ಲಿ ಕೂದಲೆಳೆಯಷ್ಟು ಜಾಗ ಉಳಿದಿರುತ್ತಿತ್ತು, ಕಾದಾಗ ಅದೂ ಇಲ್ಲವಾಗುತ್ತಿತ್ತು.

ಜಗ್ಗುವುದು ಯಾಕೆ? ಗಾಜು ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. 6 ಮಿ.ಮೀ.ನ ಎರಡು ಗಾಜು ಕೂಡಿದ ಒಂದೂವರೆ ಚದರ ಮೀಟರಿನ ಬಾಗಿಲಲ್ಲಿ ಗಾಜೇ 45 ಕಿಲೋ. ಇಷ್ಟು ಭಾರವನ್ನು ಪ್ಲಾಸ್ಟಿಕ್ ಚೌಕಟ್ಟು ತಾನೇ ಹೊರಲಾರದು. ಹೊಲದ ಗೇಟು ನೋಡಿ: ಹಿಂಜಿನ ಕಡೆಯ ಕೆಳಮೂಲೆಯಿಂದ ಎದುರಿನ ಮೇಲ್ಮೂಲೆಗೆ ಒಂದು ಓರೆಪಟ್ಟಿ ಬೆಸೆದಿರುತ್ತಾರೆ. ಅದಿಲ್ಲದಿದ್ದರೆ ಗೇಟು ಮೂಗು ನೆಲಕ್ಕೆ ತಾಗಿಸುತ್ತದೆ. ಡಬಲ್ ಗ್ಲಾಸ್ ಬಾಗಿಲಲ್ಲಿ ಆ ಓರೆಪಟ್ಟಿಯ ಕೆಲಸವನ್ನು ಗಾಜೇ ಮಾಡಬೇಕು. ಹಿಂಜಿನ ಬದಿಯ ಕೆಳಮೂಲೆಯಲ್ಲಿ ಒಂದು ಪ್ಯಾಕಿಂಗ್, ಲಾಕಿನ ಬದಿಯ ಮೇಲ್ಮೂಲೆಯಲ್ಲಿ ಇನ್ನೊಂದು. ಗಾಜು ಈ ಎರಡರ ನಡುವೆ ಓರೆಯಾಗಿ ಒತ್ತಿ ನಿಂತು ಚೌಕಟ್ಟನ್ನು ಎತ್ತಿ ಹಿಡಿಯುತ್ತದೆ.

ಮೇಷ್ಟ್ರ ಬಾಗಿಲಿನ ಬೀಡಿಂಗನ್ನು, ಎಂದರೆ ಗಾಜನ್ನು ಸುತ್ತಲೂ ಹಿಡಿದಿಡುವ ಪಟ್ಟಿಗಳನ್ನು, ಬಿಚ್ಚಿದೆ. ಕೆಳಗೆ ಎರಡು ಮೂಲೆಗೂ ಒಂದೊಂದು ತುಂಡು ಇಟ್ಟು ಗಾಜು ಕೂರಿಸಿದ್ದರು, ಮೇಲೆ ಖಾಲಿ. ಹಾಕಿದವರು ಯಾರೋ, ಅವಸರದ ಕೆಲಸ. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡು ಕರ್ಣಗಳಿಗೆ 6 ಮಿ.ಮೀ. ವ್ಯತ್ಯಾಸ.

ಬೀಡಿಂಗ್ ಬಿಚ್ಚುವ ಬಗ್ಗೆ ಒಂದು ಮಾತು, ಇಲ್ಲಿ ಮುರಿದುಕೊಳ್ಳುವವರು ಬಹಳ. ಮೊದಲು ಉದ್ದದ್ದನ್ನು, ಅದೂ ನಡುವಿನಿಂದ, ಅಗಲ ಬಾಯಿಯ ಪುಟ್ಟಿ ಕತ್ತಿ ತೂರಿಸಿ ಎಬ್ಬಿಸಬೇಕು. ಮೂಲೆಯಿಂದ ಶುರು ಮಾಡಿದರೆ ಸೀಳುತ್ತದೆ. ಪ್ರತಿ ಪಟ್ಟಿಯ ಬೆನ್ನಿಗೂ ಪೆನ್ಸಿಲಿನಲ್ಲಿ ಎಡ, ಬಲ, ಮೇಲೆ, ಕೆಳಗೆ ಬರೆದಿಡಬೇಕು. ವಾಪಸ್ ಕೂರಿಸುವಾಗ ಗಿಡ್ಡವು ಮೊದಲು, ಉದ್ದದವು ಆಮೇಲೆ. ನಮ್ಮ ಬಿಸಿಲು ಇಲ್ಲೊಂದು ಉಪಕಾರ ಮಾಡುತ್ತದೆ. ಕಾದ ಬೀಡಿಂಗ್ ಬಾಗುತ್ತದೆ, ತಣ್ಣಗಿದ್ದರೆ ಮುರಿಯುತ್ತದೆ. ಹಾಗಾಗಿ ಈ ಕೆಲಸವನ್ನು ನಾನು ಮುಂಜಾನೆ ಮಾಡುವುದಿಲ್ಲ.

ಗಾಜು ಮುಟ್ಟುವಾಗ ಇಬ್ಬರು ಇರಲೇಬೇಕು. ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ್ದು) ನಡುವೆ ಗುದ್ದಿದರೂ ತಡೆಯುತ್ತದೆ, ಅಂಚಿಗೆ ಕಬ್ಬಿಣ ತಾಗಿದರೆ ಇಡೀ ಗಾಜು ಸಕ್ಕರೆಯಂತೆ ಉದುರುತ್ತದೆ. ಅದಕ್ಕೇ ಎಬ್ಬಿಸಲು ಪ್ಲಾಸ್ಟಿಕ್ ಸನಿಕೆ, ಇಡಲು ಪ್ಲಾಸ್ಟಿಕ್ ಪ್ಯಾಕಿಂಗ್. ಮರದ ಚೂರು ನೀರು ಕುಡಿದು ಉಬ್ಬುತ್ತದೆ, ಒಣಗಿ ಸೊರಗುತ್ತದೆ. ಬಡಗಿಯ ಮಗನಾಗಿ ಮರದ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇಲ್ಲಿ ಬೇಡ. ಪ್ಯಾಕಿಂಗ್ ಎರಡೂ ಗಾಜಿನ ಅಡಿಗೆ ಚಾಚಿರಬೇಕು. ಒಂದಕ್ಕಷ್ಟೇ ಆಸರೆ ಕೊಟ್ಟರೆ ಇನ್ನೊಂದು ನಿಧಾನಕ್ಕೆ ಜಾರಿ, ನಡುವಿನ ಅಂಟು ಬಿಡುತ್ತದೆ. ಮಳೆನೀರು ಹೊರಹೋಗಲು ಬಿಟ್ಟ ಕೆಳಗಿನ ನೀರುತೂತಿನ ಮೇಲೆ ಪ್ಯಾಕಿಂಗ್ ಕೂರಬಾರದು.

ಮೇಲ್ಮೂಲೆಯಲ್ಲಿ 3 ಮಿ.ಮೀ. ಪ್ಯಾಕಿಂಗ್ ತೂರಿಸಿ ಕರ್ಣ ಅಳೆದೆ, ವ್ಯತ್ಯಾಸ 2ಕ್ಕೆ ಇಳಿದಿತ್ತು. ಇನ್ನೊಂದು 1 ಮಿ.ಮೀ. ಸೇರಿಸಿದೆ. ಉಳಿದದ್ದು ಹಿಂಜಿನ ಕೆಲಸ. ಆ ಹಿಂಜಿನ ಮುಚ್ಚಳ ತೆಗೆದರೆ ಒಳಗೆ ಅಲೆನ್ ಕೀ ಹೋಗುವ ಸ್ಕ್ರೂಗಳಿವೆ: ಒಂದು ಮೇಲೆ ಕೆಳಗೆ, ಒಂದು ಎಡಕ್ಕೆ ಬಲಕ್ಕೆ, ಇನ್ನೊಂದು ಬಾಗಿಲನ್ನು ರಬ್ಬರಿಗೆ ಒತ್ತಲು. ಅರ್ಧರ್ಧ ಸುತ್ತು ತಿರುಗಿಸಬೇಕು, ಪ್ರತಿ ಸಲವೂ ಮುಚ್ಚಿ ನೋಡಬೇಕು, ಮೂರು ಹಿಂಜಿಗೂ ಭಾರ ಸಮ ಹಂಚಬೇಕು. ಒಂದರ ಮೇಲೇ ಬಿದ್ದರೆ ಅದು ವರ್ಷದೊಳಗೆ ಕಿತ್ತು ಬರುತ್ತದೆ. ಕುಂಕುಮದ ಗುರುತು ತೂತಿನ ನಡುವಿಗೆ ಬರುವವರೆಗೆ ಒಂದು ತಾಸು ಹಿಡಿಯಿತು. ಮೂರು ಗಂಟೆಗೆ ಸರಿ ಮಾಡಿದ್ದು ಬೆಳಿಗ್ಗೆ ಸಡಿಲವಾಗಬಾರದಲ್ಲ, ಮಾರನೇ ದಿನ ಏಳಕ್ಕೆ ಹೋಗಿ ಮತ್ತೆ ನೋಡಿ ಎರಡರ ನಡುವಿನ ಹದಕ್ಕೆ ತಂದೆ.

ಇನ್ನು ಧೂಳು. ಇದು ಬಳ್ಳಾರಿಯ ಪಾಲಿಗೆ ಬಿಸಿಲಿಗಿಂತ ದೊಡ್ಡ ವೈರಿ. ಇಲ್ಲಿ ಡಬಲ್ ಗ್ಲಾಸ್ ಹಾಕಿಸುವುದೇ ಧೂಳು ಮತ್ತು ಲಾರಿಯ ಸದ್ದು ತಡೆಯಲು, ಏಸಿಯ ತಂಪು ಉಳಿಸಲು. ತೋರಣಗಲ್ಲು, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ಕುಡತಿನಿಯ ಆಸುಪಾಸು ಬೂದಿ. ಅದಿರಿನ ಧೂಳು ಸಣ್ಣದು, ಗಡಸು. ಕಿಟಕಿ ಬಿಗಿಯಾಯಿತು ಅಂದಾಗ ಮನೆಯವರು ಮಾಡುವ ಮೊದಲ ಕೆಲಸ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಮಷಿನ್ನಿನ ಎಣ್ಣೆಯನ್ನೋ ಬಿಡುವುದು. ಎರಡು ದಿನ ಹಾಯ್ ಅನಿಸುತ್ತದೆ. ಆಮೇಲೆ ಎಣ್ಣೆ ಧೂಳನ್ನು ಹಿಡಿದು ಅರೆದ ಕೆಂಪು ಚಟ್ನಿಯಂತಾಗಿ, ಹಿಂಜಿನ ಹಳಿಯನ್ನು ಉಪ್ಪುಕಾಗದದ ಹಾಗೆ ತಿಕ್ಕುತ್ತದೆ. ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ: ಸುತ್ತಲಿನ ಕಪ್ಪು ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್. ಬಿಸಿಲು ಮಳೆ ತಾಳುವ ಈ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ, ಗ್ರೀಸ್, ಸೀಮೆಎಣ್ಣೆ ಆಗಿಬರುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ.

ನಾನು ಒಣ ಬ್ರಷ್ಷಿನಿಂದ ಶುರು ಮಾಡುತ್ತೇನೆ. ಹಳೇ ಹಲ್ಲುಜ್ಜುವ ಬ್ರಷ್ಷು, ಪೇಂಟ್ ಬ್ರಷ್ಷು, ಮೂಲೆಗೆ ಸೈಕಲ್ ಪಂಪು. ಆಮೇಲೆ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ. ಪೂರ್ತಿ ಒಣಗಿದ ಮೇಲೆ ಲಾಕಿನ ಸರಳಿಗೂ ರಬ್ಬರಿಗೂ ಸಿಲಿಕೋನ್ ಸ್ಪ್ರೇ, ತೆಳ್ಳಗೆ. ಕೀ ಹೋಗುವ ಸಿಲಿಂಡರಿಗೆ ಅದೂ ಬೇಡ. ಮೆತ್ತನೆಯ ಪೆನ್ಸಿಲಿನ ಸೀಸವನ್ನು ಕೀಯ ಹಲ್ಲುಗಳಿಗೆ ತಿಕ್ಕಿ ಹತ್ತು ಸಲ ಒಳಗೆ ಹೊರಗೆ ಆಡಿಸಿದರೆ ಸಾಕು, ಗ್ರಾಫೈಟ್ ಧೂಳನ್ನು ಅಂಟಿಸಿಕೊಳ್ಳುವುದಿಲ್ಲ.

ಕಿಟಕಿಯ ಫ್ರಿಕ್ಷನ್ ಹಿಂಜಿನಲ್ಲಿ ಇನ್ನೊಂದು ಎಚ್ಚರ ಬೇಕು. ಹಳಿಯ ಮೇಲೆ ಜಾರುವ ಪ್ಲಾಸ್ಟಿಕ್ ತುಂಡು ಇದೆಯಲ್ಲ, ಕಿಟಕಿಯನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುವುದು ಅದರ ತಿಕ್ಕಾಟವೇ. ಅಲ್ಲಿಗೆ ಜಾರಿಕೆ ಹಾಕಿದರೆ ಆಷಾಢದ ಗಾಳಿಗೆ ಶಟರ್ ಬಡಿಯುತ್ತದೆ. ಶುರುವಿನಲ್ಲಿ ನಾನೇ ಒಂದು ಮನೆಯಲ್ಲಿ ಹಳಿಗೆಲ್ಲ ಸ್ಪ್ರೇ ಹೊಡೆದು ಬಂದಿದ್ದೆ. ವಾರದಲ್ಲಿ ಗಾಳಿ ಎದ್ದು ಕಿಟಕಿ ಗೋಡೆಗೆ ಬಡಿದು, ಹಿಂಜಿನ ತೋಳು ಬಾಗಿ ರಿವೆಟ್ ಸಡಿಲಾಯಿತು. ಒಳಗೆ ಪುಟ್ಟ ಮಗುವಿತ್ತು, ಗಾಜು ಒಡೆಯದಿದ್ದದ್ದು ದೇವರ ದಯೆ. ಈಗ ತಿರುಗುವ ರಿವೆಟ್ಟುಗಳಿಗೆ ಮಾತ್ರ ಒಂದೊಂದು ಹನಿ ಬಿಡುತ್ತೇನೆ, ಜಾರುವ ತುಂಡನ್ನು ಒಣಗಿಯೇ ಬಿಟ್ಟು ಅದರ ಹಿತ್ತಾಳೆ ಸ್ಕ್ರೂವನ್ನು ಚೂರು ಬಿಗಿ ಮಾಡುತ್ತೇನೆ.

ಬಾಗಿದ ಹಿಂಜನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡುವ ಆಸೆ ಬೇಡ, ಎರಡೂ ಬದಿಯದನ್ನು ಜೋಡಿಯಾಗಿ ಬದಲಾಯಿಸಬೇಕು. ಹಳೆಯದರ ಹಳಿಯ ಉದ್ದವನ್ನು ಇಂಚಿನಲ್ಲಿ, ಮಡಚಿದಾಗಿನ ದಪ್ಪವನ್ನು ಮಿ.ಮೀ.ನಲ್ಲಿ ಅಳೆದುಕೊಂಡು ಹೋದರೆ ತಪ್ಪುವುದಿಲ್ಲ. ಸ್ಕ್ರೂ ತೂತು ಸವೆದಿದ್ದರೆ ಕಡ್ಡಿ ತುರುಕಿ ಬಿಗಿಯುವುದು ಮೋಸದ ಕೆಲಸ. 4.2 ಮಿ.ಮೀ. ಇದ್ದಲ್ಲಿ 4.8ರ ಸ್ಕ್ರೂ ಹಾಕಿ, ಅದು ಒಳಗಿನ ಜಿಐ ಪಟ್ಟಿಯನ್ನು ಕಚ್ಚಬೇಕು. ಪ್ಲಾಸ್ಟಿಕನ್ನಷ್ಟೇ ಹಿಡಿದ ಸ್ಕ್ರೂ ಇಷ್ಟು ಭಾರ ತಡೆಯುವುದಿಲ್ಲ.

ಕಿಟಕಿಯ ಹ್ಯಾಂಡಲ್ ಎಲ್ಲಕ್ಕಿಂತ ಸುಲಭ. ಬುಡದ ಮುಚ್ಚಳ ಓರೆ ಮಾಡಿದರೆ ಎರಡು ಸ್ಕ್ರೂ ಕಾಣುತ್ತವೆ. ಬಿಚ್ಚಿ, ಬರೀ ಚೌಕ ಕಡ್ಡಿಯನ್ನು ತೂತಿಗಿಟ್ಟು ಇಕ್ಕಳದಿಂದ ತಿರುಗಿಸಿ. ಸರಳುಗಳು ಆಡಿದರೆ ಕೆಟ್ಟಿದ್ದು ಹ್ಯಾಂಡಲ್. ಕಡ್ಡಿ ಸುಮ್ಮನೆ ಸುತ್ತಿದರೆ ಸರಳುಗಳನ್ನು ಆಡಿಸುವ ಒಳಗಿನ ಗೇರ್‌ಬಾಕ್ಸ್ ಹೋಗಿದೆ. ಸಾಮಾನ್ಯವಾಗಿ ಕಡ್ಡಿ 7 ಮಿ.ಮೀ., ಸ್ಕ್ರೂಗಳ ನಡುವಿನ ಅಂತರ 43 ಮಿ.ಮೀ.; ಕಡ್ಡಿ ಎಷ್ಟು ಹೊರಚಾಚಿದೆ ಅನ್ನುವುದನ್ನೇ ಜನ ಅಳೆಯಲು ಮರೆಯುತ್ತಾರೆ.

ಎರಡು ಗಾಜಿನ ನಡುವೆ ಮಂಜು ಕೂತಿದ್ದರೆ ನನ್ನ ಕೈಲಿ ಏನೂ ಇಲ್ಲ. ಅಂಟು ಬಿಟ್ಟು ತೇವ ಒಳಹೊಕ್ಕಿದೆ, ಆ ಗಾಜಿನ ಜೋಡಿಯನ್ನೇ ಹೊಸದಾಗಿ ಮಾಡಿಸಬೇಕು. ಚೌಕಟ್ಟು, ಹಿಂಜು, ಲಾಕು ಹಾಗೇ ಇರಲಿ, ಇಡೀ ಕಿಟಕಿ ಕೀಳಿಸಬೇಡಿ. ಇದಕ್ಕೂ ಎಷ್ಟೋ ಸಲ ಮೂಲ ಧೂಳೇ: ಫ್ರೇಮಿನ ಕೆಳಗಿನ ನೀರುತೂತು ಕೆಂಪು ಮಣ್ಣಿಂದ ಮುಚ್ಚಿ, ಮಳೆನೀರು ನಿಂತು ಗಾಜಿನ ಅಂಚು ನೆನೆಯುತ್ತಲೇ ಇರುತ್ತದೆ. ಮಳೆಗೆ ಮುಂಚೆ ಒಂದು ತೆಂಗಿನ ಗರಿಕಡ್ಡಿ ಹಾಕಿ ಆ ತೂತು ಬಿಡಿಸಿಕೊಳ್ಳಿ.

ಹೋದ ವಾರ ಸಂಡೂರಿನಲ್ಲಿ ಒಂದು ಮಲಗುವ ಕೋಣೆಯ ಕಿಟಕಿ. ಮುಚ್ಚಿದ ಮೇಲೆ ಗೇರ್‌ಬಾಕ್ಸ್ ಒಳಗೇ ಮುರಿದು, ತೆರೆಯಲಾಗದೆ ಎರಡು ತಿಂಗಳಾಗಿತ್ತಂತೆ. “ಅಣ್ಣಾ, ಒಡೆದಾದ್ರೂ ತೆಗಿ” ಅಂದಳು ಆ ಮನೆಯ ತಂಗಿ. ಒಡೆಯಲಿಲ್ಲ. ಒಳಗಿನಿಂದ ಬೀಡಿಂಗ್ ಬಿಚ್ಚಿ, ಇಬ್ಬರು ಸೇರಿ ಗಾಜು ಇಳಿಸಿ, ಸರಳನ್ನು ಚೂರುಚೂರೇ ಸರಿಸಿ ತೆರೆಯಲು ಅರ್ಧ ದಿನ ಹಿಡಿಯಿತು. ಇಲ್ಲಿ ಮಾತ್ರ ನಿಜಕ್ಕೂ ಲಾಕೇ ಕೆಟ್ಟಿತ್ತು, ಆದರೆ ಕೆಟ್ಟದ್ದು ಜಗ್ಗಿದ ಶಟರಿಗೆ ದಿನಾ ಜೋರು ಮಾಡಿ ಮಾಡಿ. ಹಿಂಜು ಬದಲಾಯಿಸಿದೆ, ಗಾಜಿಗೆ ಸರಿಯಾಗಿ ಪ್ಯಾಕಿಂಗ್ ಕೊಟ್ಟೆ, ಗೇರ್‌ಬಾಕ್ಸಿನ ಪಕ್ಕ ಟೇಪು ಇಟ್ಟು ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿದೆ. ಹೊಸದು ಬರುವವರೆಗೆ ಒಳಗಿಂದ ಎರಡು ಕ್ಲಾಂಪು ಹಾಕಿ ಮುಚ್ಚಿದ್ದೇನೆ. ಬಸ್ಸಿನ ಪಾರ್ಸಲ್ ನಾಳೆ ಬರಬೇಕು.