ಉದ್ರಿಯ ಹೊರೆ ಹೊತ್ತ ಸಣ್ಣ ಉದ್ದಿಮೆ: ಹಣದ ಹರಿವನ್ನು ಕಾಯ್ದುಕೊಳ್ಳುವ ಬಗೆ

ದೇಶವೊಂದರ ಅರ್ಥವ್ಯವಸ್ಥೆಯಲ್ಲಿ ಸಣ್ಣ ಉದ್ದಿಮೆಗಳ ಪಾತ್ರವೇನು ಎಂದು ಕೇಳಿದರೆ ಉದ್ಯೋಗ ಸೃಷ್ಟಿ ಎಂಬ ಉತ್ತರವೇ ಮೊದಲು ಬರುತ್ತದೆ. ಅದು ಸರಿಯೂ ಹೌದು. ವಿಶ್ವಬ್ಯಾಂಕಿನ ಅಂದಾಜಿನಂತೆ ಜಗತ್ತಿನ ಉದ್ದಿಮೆಗಳಲ್ಲಿ ಸುಮಾರು ಶೇ 90ರಷ್ಟು ಸಣ್ಣ ಮತ್ತು ಮಧ್ಯಮ ಗಾತ್ರದವು. ಒಟ್ಟು ಉದ್ಯೋಗದ ಅರ್ಧಕ್ಕೂ ಹೆಚ್ಚು ಪಾಲು ಅವುಗಳದ್ದು. ಆದರೆ ಲೆಕ್ಕದ ಪುಸ್ತಕ ತೆರೆದು ನೋಡಿದರೆ, ಅಷ್ಟಾಗಿ ಯಾರೂ ಎತ್ತಿ ಹೇಳದ ಇನ್ನೊಂದು ಪಾತ್ರ ಕಾಣುತ್ತದೆ. ಸರಕು ಕೊಟ್ಟು 60 ಅಥವಾ 90 ದಿನ ಹಣಕ್ಕಾಗಿ ಕಾಯುವ ಸಣ್ಣ ಉತ್ಪಾದಕರು ಅಷ್ಟು ದಿನದ ಮಟ್ಟಿಗೆ ತಮ್ಮ ದೊಡ್ಡ ಗಿರಾಕಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿರುತ್ತಾರೆ, ಆ ಸಾಲ ಕೊಡುವುದಕ್ಕಾಗಿ ತಾವು ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿರುತ್ತಾರೆ. ಲಾಭದಲ್ಲಿದ್ದ ಉದ್ದಿಮೆಯೂ ಬಾಗಿಲು ಮುಚ್ಚುವಂತೆ ಮಾಡಬಲ್ಲ ಈ ಉದ್ರಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ದಿನಗಳನ್ನು ಎಣಿಸಬೇಕು. ಕಚ್ಚಾ ಸಾಮಗ್ರಿ ಒಳಗೆ ಬಂದು, ದಾಸ್ತಾನಿನಲ್ಲಿದ್ದು, ಸಿದ್ಧ ಸರಕಾಗಿ ಹೊರಗೆ ಹೋಗಲು 40 ದಿನ ಹಿಡಿಯುತ್ತದೆ, ಗಿರಾಕಿ ಹಣ ಕೊಡುವುದು ಅಲ್ಲಿಂದ 60 ದಿನಕ್ಕೆ ಎಂದಿಟ್ಟುಕೊಳ್ಳೋಣ. ಸಾಮಗ್ರಿ ಪೂರೈಸಿದವರು 15 ದಿನಗಳಷ್ಟೇ ಕಾಲಾವಕಾಶ ಕೊಟ್ಟಿದ್ದರೆ, ಆ ಸಾಮಗ್ರಿಗೆ ಕೊಟ್ಟ ಹಣ 85 ದಿನ ಕೈಗೆ ಮರಳುವುದಿಲ್ಲ. ಆ ನಡುವೆ ಸಂಬಳ, ಬಾಡಿಗೆ, ವಿದ್ಯುತ್ ಬಿಲ್ ಯಾವುದೂ ಕಾಯುವುದಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮಾರಾಟ ದುಪ್ಪಟ್ಟಾದರೆ ಹೀಗೆ ಸಿಕ್ಕಿಕೊಳ್ಳುವ ಹಣವೂ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ದೊಡ್ಡ ಆರ್ಡರ್ ಸಿಕ್ಕಿದ ಸಂತೋಷದಲ್ಲಿ ಈ ಲೆಕ್ಕವನ್ನು ಮರೆತವರು, ವ್ಯಾಪಾರ ಏರುತ್ತಿರುವಾಗಲೇ ಸಂಬಳ ಕೊಡಲಾಗದ ಸ್ಥಿತಿಗೆ ಬರುತ್ತಾರೆ.

ಎರಡನೆಯದಾಗಿ, ಮುಂದಿನ 13 ವಾರಗಳ, ಅಂದರೆ ಒಂದು ತ್ರೈಮಾಸಿಕದ, ಜಮಾ-ಖರ್ಚಿನ ಪಟ್ಟಿಯೊಂದನ್ನು ಹಾಕಿಕೊಂಡು ಪ್ರತಿ ವಾರವೂ ತಿದ್ದುತ್ತಿರಬೇಕು. ಅದರಲ್ಲಿ ಬರಬೇಕಾದ ಹಣವನ್ನು ಬಿಲ್ಲಿನ ಗಡುವಿನ ವಾರದಲ್ಲಿ ಬರೆಯದೆ, ಆ ಗಿರಾಕಿ ರೂಢಿಯಂತೆ ಕೊಡುವ ವಾರದಲ್ಲಿಯೇ ಬರೆಯುವುದು ಒಳ್ಳೆಯದು. 30 ದಿನವೆಂದು ಒಪ್ಪಿ 50ನೇ ದಿನಕ್ಕೆ ಕೊಡುವವರು ಈ ಸಲ ಬೇಗ ಕೊಟ್ಟಾರು ಎಂಬ ಭರವಸೆಗೆ ಪಟ್ಟಿಯಲ್ಲಿ ಜಾಗವಿಲ್ಲ. ಮಾರಾಟದ ಜೊತೆ ವಸೂಲಾಗುವ ತೆರಿಗೆಯನ್ನು ಬೇರೆ ಖಾತೆಯಲ್ಲಿಡಿ, ಅದು ನಿಮ್ಮ ಹಣವಲ್ಲ. ಹಲವು ತೆರಿಗೆ ಪದ್ಧತಿಗಳಲ್ಲಿ ಬಿಲ್ ಬರೆದೊಡನೆ ತೆರಿಗೆಯ ಹೊಣೆ ಹುಟ್ಟುವುದರಿಂದ, ಗಿರಾಕಿಯಿಂದ ಬಿಡಿಗಾಸೂ ಬರುವ ಮುನ್ನವೇ ಅದನ್ನು ಕಟ್ಟಬೇಕಾಗಬಹುದು.

ವಸೂಲಿಯ ಕೆಲಸ ಆರಂಭವಾಗುವುದು ಬಾಕಿ ಬಿದ್ದ ಮೇಲಲ್ಲ, ಆರ್ಡರ್ ಒಪ್ಪಿಕೊಳ್ಳುವಾಗ. ‘60 ದಿನ’ ಎಂದರೆ ಯಾವ ದಿನದಿಂದ ಎಂಬುದನ್ನು ಬರಹದಲ್ಲಿ ಪಡೆಯಬೇಕು: ಸರಕು ತಲುಪಿದ ದಿನವೇ, ಗುಣಮಟ್ಟ ಪರೀಕ್ಷಿಸಿ ಒಪ್ಪಿಕೊಂಡ ದಿನವೇ, ಇಲ್ಲವೇ ಬಿಲ್ ಲೆಕ್ಕವಿಭಾಗಕ್ಕೆ ಸೇರಿದ ದಿನವೇ? ಈ ಮೂರರ ನಡುವೆ ತಿಂಗಳೊಂದು ಸದ್ದಿಲ್ಲದೆ ಕರಗಿಹೋಗಬಲ್ಲದು. ದೊಡ್ಡ ಸಂಸ್ಥೆಗಳಲ್ಲಿ ಪರ್ಚೇಸ್ ಆರ್ಡರ್ ಸಂಖ್ಯೆ ಇಲ್ಲದ ಅಥವಾ ಪ್ರಮಾಣ ಹೊಂದಿಕೆಯಾಗದ ಬಿಲ್ಲನ್ನು ಬದಿಗಿಡುತ್ತಾರೆ, ಕೆಲವೊಮ್ಮೆ ಹಾಗೆ ಬದಿಗಿಟ್ಟಿದ್ದೇವೆಂದು ತಿಳಿಸುವುದೂ ಇಲ್ಲ. ಆದ್ದರಿಂದ ಸರಕು ಹೊರಟ ದಿನವೇ ಬಿಲ್ ಕಳುಹಿಸಿ, ವಾರದೊಳಗೆ ಲೆಕ್ಕವಿಭಾಗಕ್ಕೆ ಫೋನ್ ಮಾಡಿ, ಬಿಲ್ ದಾಖಲಾಗಿದೆಯೇ ಎಂದಷ್ಟೇ ಕೇಳಿ. ಗಡುವಿಗೆ ಕೆಲವು ದಿನ ಮೊದಲು ಸೌಜನ್ಯದ ನೆನಪೋಲೆಯೊಂದನ್ನು ಕಳುಹಿಸಿ. ನಿಮಗೆ ಆರ್ಡರ್ ಕೊಟ್ಟ ಅಧಿಕಾರಿಗೂ ಹಣ ಬಿಡುಗಡೆ ಮಾಡುವ ಸಿಬ್ಬಂದಿಗೂ ಮುಖಪರಿಚಯವೇ ಇಲ್ಲದಿರಬಹುದು ಎಂಬುದನ್ನು ನೆನಪಿಡಬೇಕು.

ಬೇಗ ಹಣ ಕೊಟ್ಟವರಿಗೆ ರಿಯಾಯಿತಿ ಕೊಡುವ ಪದ್ಧತಿಯನ್ನು ಲೆಕ್ಕ ಹಾಕದೆ ಒಪ್ಪಬಾರದು. 30 ದಿನಗಳ ಗಡುವಿನ ಬಿಲ್ಲಿಗೆ 10 ದಿನದೊಳಗೆ ಕೊಟ್ಟರೆ ಶೇ 2 ಕಡಿತ ಎಂಬ ಷರತ್ತು ಹಗುರವಾಗಿ ಕಾಣುತ್ತದೆ. ಆದರೆ 100ರ ಬದಲು 98 ಪಡೆದು ನೀವು ಗಳಿಸಿದ್ದು 20 ದಿನ ಮಾತ್ರ. ವಾರ್ಷಿಕ ಲೆಕ್ಕಕ್ಕೆ ತಂದರೆ ಅದು ಸುಮಾರು ಶೇ 37ರ ಬಡ್ಡಿ. ಬ್ಯಾಂಕಿನ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ತೆಗೆಯಲು ಬಿಡುವ ಸಾಲ) ಇದಕ್ಕಿಂತ ಎಷ್ಟೋ ಅಗ್ಗವಾಗಿ ಸಿಗುವಂತಿದ್ದರೆ ಈ ರಿಯಾಯಿತಿ ನಷ್ಟದ ಬಾಬತ್ತು. ಅದೇ ಷರತ್ತನ್ನು ನಿಮಗೆ ಸಾಮಗ್ರಿ ಪೂರೈಸುವವರು ಒಡ್ಡಿದರೆ, ಕೈಯಲ್ಲಿ ಹಣವಿರುವಾಗ ಹಿಂದೆಮುಂದೆ ನೋಡದೆ ಒಪ್ಪಿಕೊಳ್ಳಿ.

ಬ್ಯಾಂಕಿನ ಬಾಗಿಲು ತಟ್ಟುವುದು ಹಣದ ಅಗತ್ಯ ತಲೆಯ ಮೇಲೆ ಬಂದಾಗ ಅಲ್ಲ, ಖಾತೆ ಚೆನ್ನಾಗಿ ನಡೆಯುತ್ತಿರುವಾಗ. ಅಡಮಾನಕ್ಕೆ ಸ್ಥಿರಾಸ್ತಿ ಇಲ್ಲದವರ ಪಾಲಿಗೆ ಸರಿಯಾಗಿ ಇಟ್ಟ ಲೆಕ್ಕಪತ್ರಗಳೇ ಸಾಕ್ಷ್ಯ. ಬಾಕಿ ಬಿಲ್ಲುಗಳನ್ನೇ ವಹಿಸಿಕೊಟ್ಟು ಹಣ ಪಡೆಯುವ ಫ್ಯಾಕ್ಟರಿಂಗ್ ವ್ಯವಸ್ಥೆಯೂ ಇದೆ. ಗಿರಾಕಿ ಕೈಕೊಟ್ಟರೆ ನಷ್ಟ ಯಾರದು ಎಂಬ ಕಲಮನ್ನು ಓದದೆ ಅದಕ್ಕೆ ಸಹಿ ಹಾಕಬೇಡಿ.

ಕಾನೂನಿನ ನೆರವು ಇಲ್ಲದಿಲ್ಲ. ಬ್ರಿಟನ್ನಿನ 1998ರ ಕಾಯ್ದೆ ತಡವಾದ ಪಾವತಿಗೆ ಬಡ್ಡಿ ಕೇಳುವ ಹಕ್ಕು ಕೊಟ್ಟಿತು. ಭಾರತದ 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣಕ್ಕೆ ಒಪ್ಪಂದದಲ್ಲಿಯೂ 45 ದಿನಕ್ಕಿಂತ ಹೆಚ್ಚಿನ ಅವಧಿ ಇಡುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಐರೋಪ್ಯ ಒಕ್ಕೂಟದ 2011ರ ನಿರ್ದೇಶನ ಸರ್ಕಾರಿ ಸಂಸ್ಥೆಗಳಿಗೆ ಸಾಮಾನ್ಯವಾಗಿ 30 ದಿನಗಳ ಗಡುವು ವಿಧಿಸುತ್ತದೆ. ಆದರೆ ವ್ಯಾಪಾರದ ಬಹುಪಾಲು ಒಬ್ಬನೇ ಗಿರಾಕಿಯಿಂದ ಬರುತ್ತಿರುವವರು ಆ ಗಿರಾಕಿಯ ಮೇಲೆ ದೂರು ಕೊಡುವುದಾದರೂ ಹೇಗೆ? ನನ್ನ ದೃಷ್ಟಿಯಲ್ಲಿ ಈ ಕಾನೂನುಗಳ ಹೆಚ್ಚಿನ ಉಪಯೋಗ ನ್ಯಾಯಾಲಯದಲ್ಲಿಲ್ಲ, ಒಪ್ಪಂದದ ಕರಡಿನಲ್ಲಿದೆ: ನಿಮ್ಮ ದೇಶದಲ್ಲಿ ಅನ್ವಯಿಸುವ ಗಡುವು ಮತ್ತು ಬಡ್ಡಿಯ ಕಲಮನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ. ಅದರ ಜೊತೆಗೆ ಯಾವ ಗಿರಾಕಿಗೆ ಎಷ್ಟು ಮೊತ್ತದವರೆಗೆ ಉದ್ರಿ ಎಂಬ ಮಿತಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬಾಕಿ ಆ ಮಿತಿ ದಾಟಿದಾಗ, ಹೊಸ ಸರಕನ್ನು ಗೋದಾಮಿನಿಂದ ಹೊರಡಿಸುವ ಮುನ್ನ ಹಳೆಯದರಲ್ಲಿ ಒಂದು ಭಾಗವನ್ನಾದರೂ ಕೇಳಿ ಪಡೆಯಿರಿ.