ರೂತಳನ್ನು ಯಾರು ಏನಂತ ಕರೆದರು?

ಹೀಬ್ರೂ ಅಕ್ಷರ ಕಲಿತ ಮೇಲೆ ಒಂದು ಇಡೀ ಪುಸ್ತಕವನ್ನು ಮೂಲದಲ್ಲೇ ಓದೋಣ ಅನ್ನಿಸಿತು. ಬೈಬಲಿನ ರೂತಳ ಕಥೆ ಆರಿಸಿಕೊಂಡೆ. ದೊಡ್ಡ ಕಾರಣವೇನಿಲ್ಲ, ನಾಲ್ಕೇ ಅಧ್ಯಾಯ, 85 ವಚನ.

ಕಥೆ ಮೊದಲೇ ಗೊತ್ತಿತ್ತು. ಬರಗಾಲಕ್ಕೆ ಬೆತ್ಲೆಹೇಮ್ ಬಿಟ್ಟು ಮೋವಾಬಿಗೆ ಹೋದ ನೊವೊಮಿ, ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಸೊಸೆ ರೂತಳ ಜೊತೆ ಊರಿಗೆ ವಾಪಸ್ ಬರುತ್ತಾಳೆ. ಸೊಸೆ ಮೋವಾಬಿನವಳು. ಬೈಬಲಿನದೇ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡದ 23ನೇ ಅಧ್ಯಾಯ ನೋಡಿದರೆ, ಮೋವಾಬ್ಯರನ್ನು ಹತ್ತನೇ ತಲೆಮಾರಿನವರೆಗೂ ಇಸ್ರಾಯೇಲ್ಯರ ಸಭೆಗೆ ಸೇರಿಸುವಂತಿಲ್ಲ.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆ. ಕರೆದವರು ಯಾರು, ಏನಂತ ಕರೆದರು. 'ಮೋವಾಬ್ಯಳಾದ ರೂತಳು' ಐದು ಸಲ ಸಿಕ್ಕಿತು. ಲೆಕ್ಕ ಮುಗೀತು ಅಂದುಕೊಂಡೆ. ಆದರೆ ಜಾಸ್ತಿ ಚುಚ್ಚುವ ಜಾಗವೇ ತಪ್ಪಿಹೋಗಿತ್ತು. ನಾನು ಹೆಸರು ಹುಡುಕುತ್ತಿದ್ದೆ, ಅಲ್ಲಿ ಹೆಸರೇ ಇರಲಿಲ್ಲ. ರೂತಳು ತೆನೆ ಆಯುತ್ತಿದ್ದ ಹೊಲದಲ್ಲಿ, ಅದರ ಒಡೆಯ ಬೋವಜ 'ಇವಳು ಯಾರ ಕಡೆಯ ಹುಡುಗಿ?' ಅಂತ ಕೇಳುತ್ತಾನೆ. ಕೊಯ್ಲಿನ ಮೇಸ್ತ್ರಿ ಹೇಳುತ್ತಾನೆ: ಮೋವಾಬಿನ ಹುಡುಗಿ, ನೊವೊಮಿ ಜೊತೆ ಮೋವಾಬಿನಿಂದ ಬಂದವಳು. ಒಂದೇ ಉಸಿರಿಗೆ ಎರಡು ಸಲ ಮೋವಾಬ್!

ಅಮ್ಮನಿಗೆ ಇದನ್ನು ಓದಿ ಹೇಳಿದೆ. "ನನ್ನನ್ನೂ ಇಲ್ಲಿ ಬಹಳ ವರ್ಷ 'ತಿಪಟೂರಿನವಳು' ಅಂತಲೇ ಕರೀತಿದ್ರು. ಹೆಸರು ಹಿಡಿದು ಕರೆದದ್ದು ರೇಷನ್ ಅಂಗಡಿಯವನು ಮಾತ್ರ" ಅಂದರು.

ರೂತಳು ತನ್ನನ್ನು ತಾನೇ ಏನಂದುಕೊಳ್ಳುತ್ತಾಳೆ? ಬೋವಜನಿಗೆ ಮೊದಲು ಹೇಳುವುದು 'ನೊಖ್ರಿಯಾ', ಅಂದರೆ ಪರದೇಶದವಳು. ಅದೇ ವಾಕ್ಯದಲ್ಲಿ 'ನನ್ನನ್ನು ಗುರುತಿಸಿದೆಯಲ್ಲ' ಅನ್ನುವ ಪದಕ್ಕೂ ಅದೇ ನೂನ್, ಕಾಫ್, ರೇಶ್ ಅಕ್ಷರಗಳು. ಗುರುತಿಲ್ಲದವಳ ಗುರುತು ಹಿಡಿದೆಯಲ್ಲ ಅಂದರೆ ಕನ್ನಡದಲ್ಲೂ ಆ ಸದ್ದು ಸ್ವಲ್ಪ ಕೇಳಿಸೀತು. ಆಮೇಲೆ 'ಶಿಫ್ಹಾ', ದಾಸಿ. ಕೊನೆಗೆ ಕಣದಲ್ಲಿ, ನಡುರಾತ್ರಿ, ಬೋವಜ ಬೆಚ್ಚಿ ಎದ್ದು 'ಯಾರು ನೀನು?' ಅಂದಾಗ, 'ನಾನು ರೂತ್, ನಿನ್ನ ದಾಸಿ' ಅನ್ನುತ್ತಾಳೆ. ಅವಳೇ ತನ್ನ ಹೆಸರು ಹೇಳುವುದು ಇಡೀ ಪುಸ್ತಕದಲ್ಲಿ ಇದೊಂದೇ ಸಲ. ಇಲ್ಲಿ ಮೋವಾಬ್ ಇಲ್ಲ.

ಹಾಗಾದರೆ ಊರಿನವಳಾದಳು ಅಂತ ಖುಷಿಯಾಗಿ ಬರೆದುಕೊಂಡೆ. ಸುಮ್ನೆ ಅವಸರ ಮಾಡಿದ್ದೆ. ನಾಲ್ಕನೇ ಅಧ್ಯಾಯದಲ್ಲಿ, ಊರಬಾಗಿಲಲ್ಲಿ ಹಿರಿಯರ ಮುಂದೆ, ಅದೇ ಬೋವಜ ಮತ್ತೆ 'ಮೋವಾಬ್ಯಳಾದ ರೂತಳು' ಅನ್ನುತ್ತಾನೆ. ಅವನು ಅವಳನ್ನು ಮದುವೆಯಾಗುವ ವಚನದಲ್ಲಿ ಆ ಪದ ಬಿದ್ದುಹೋಗುತ್ತದೆ, ನಿಜ. ಆದರೆ ಈ ಅಧ್ಯಾಯದಲ್ಲಿ ರೂತಳು ಒಂದು ಮಾತೂ ಆಡುವುದಿಲ್ಲ. ಅವಳ ಮಗ, ದಾವೀದ ರಾಜನ ತಾತ ಓಬೇದ ಹುಟ್ಟಿದಾಗ ನೆರೆಯ ಹೆಂಗಸರು 'ನೊವೊಮಿಗೆ ಗಂಡುಮಗು ಹುಟ್ಟಿತು' ಅನ್ನುತ್ತಾರೆ. ಹೆತ್ತವಳನ್ನು ಏಳು ಗಂಡುಮಕ್ಕಳಿಗಿಂತ ಮೇಲು ಅಂತ ಹೊಗಳುತ್ತಾರೆ, ಹೆಸರು ಮಾತ್ರ ಎತ್ತುವುದಿಲ್ಲ. ನನ್ನ ಕಾಲಂನಲ್ಲಿ ಕೊನೆಗೆ ಬರೆದದ್ದು: 'ನಿನ್ನ ಸೊಸೆ'.